ಬಿಳಿಗಾರ

ಕ್ರಮ ಬರೆದ ಕಾಗದ ಬಂದದ್ದು ಮಲಯಾಳದಲ್ಲಿ.
ತಂಗಮಣಿ ಓದಿದಳು, ನಾವು ನಾಲ್ವರು ಕೇಳಿದೆವು,
ನೀರ್ಚಾಲಿನ ಅಂಗನವಾಡಿಯ ಜಗಲಿಯಲ್ಲಿ,
ಮಕ್ಕಳು ಮನೆಗೆ ಹೋದ ಮೇಲೆ,
ಉಪ್ಪಿಟ್ಟಿನ ವಾಸನೆ ಬಿಡದ ಚರಿಗೆಯ ಸುತ್ತ.

ಬಾರ್ ಸೋಪು ಎರಡು. ಆಯಿತು.
ನೀರು ಹತ್ತು ಲೀಟರ್. ಆಯಿತು.
ಅಲಕ್ಕುಕಾರಂ ಕಾಲು ಕಿಲೋ.
'ಖಾರವಾ?' ಎಂದೆ, ಸೆಕ್ರೆಟರಿಯಾದ ನಾನೇ,
'ಬಟ್ಟೆಗೆಂತ ಮೆಣಸು ಅರೆಯುವುದಾ?'
ಮರಿಯಂಬಿ ನಕ್ಕ ಹೊಡೆತಕ್ಕೆ ತಲೆವಸ್ತ್ರ ಜಾರಿತು.
'ಒಗೆಯುವ ಸೋಡ ಮಾರಾಯ್ತಿ,
ರೇಷನ್ ಅಂಗಡಿ ಪಕ್ಕದಲ್ಲೇ ಸಿಗ್ತದೆ.'

ಆಮೇಲೆ ಬಂತು ಪೊನ್‌ಕಾರಂ, ಒಂದು ಲೋಟ.
ಪೊನ್ ಅಂದರೆ ಹೊನ್ನು, ಅಷ್ಟು ಗೊತ್ತುಂಟು.
ಹೊನ್ನಿನ ಖಾರ ಯಾವ ಅಂಗಡಿಯಲ್ಲಿ?
ಓದಿದ ತಂಗಮಣಿಗೂ ಗೊತ್ತಿಲ್ಲ.
ಕೊರಪೊಳಜ್ಜಿ ಎಲೆಯಡಿಕೆ ಉಗುಳಲು ಎದ್ದಳು.

ವಾರಿಜಕ್ಕ ಮಾತಾಡಲಿಲ್ಲ.
ಚಪ್ಪಲಿ ಮೆಟ್ಟಿ ಗುಡ್ಡೆ ಇಳಿದು ಹೋದವಳು
ತಿರುಗಿ ಬಂದಾಗ ಕೈಯಲ್ಲಿ ಬಿಸ್ಕುಟಿನ ಹಳೇ ಡಬ್ಬಿ,
ಮುಚ್ಚಳಕ್ಕೆ ತುಕ್ಕು, ಒಳಗೆ ಬಿಳಿ ಹರಳು.
'ಬಿಳಿಗಾರ' ಎಂದಳು. 'ಇವರದ್ದು.'

ಇವರು ಎಂದರೆ ಆಚಾರಿ.
ನನ್ನ ಕರಿಮಣಿಯ ಕೊಂಡಿ ಬೆಸೆದ ಕೈ,
ಮರಿಯಂಬಿಯ ಅಲಿಕತ್ತು, ತಂಗಮಣಿಯ ಮಗಳ ಅರೆಯುಡಿದಾರ,
ಎಲ್ಲದರ ಕೂಡುಗಂಟಿನಲ್ಲೂ ಒಂದು ಚಿಟಿಕೆ ಈ ಪುಡಿ ಕರಗಿದೆ.
ಈಗ ಅವರು ಕಾಸರಗೋಡಿನಲ್ಲಿ
ದೊಡ್ಡ ಚಿನ್ನದ ಅಂಗಡಿಯ ಗಾಜಿನ ಬಾಗಿಲು ಎಳೆದು ಹಿಡಿಯುತ್ತಾರೆ,
ಬಂದವರಿಗೆ ನಮಸ್ಕಾರ, ಹೋಗುವವರಿಗೆ ನಮಸ್ಕಾರ,
ಆಕಾಶಬಣ್ಣದ ಅಂಗಿ, ಹೆಗಲಿಗೆ ಪಟ್ಟಿ.

ಸೋಪು ತುರಿದದ್ದು ನಮ್ಮನೆಯ ಹೆರೆಮಣೆಯಲ್ಲಿ.
ಹಳದಿ ಹಳದಿಯಾಗಿ ಉದುರುವಾಗ
ಯಾರದೋ ಮದುವೆಗೆ ಕಾಯಿ ತುರಿಯುವ ಹಾಗೆ
ನಾವು ಕಾಲು ಚಾಚಿ, ಊರ ಸುದ್ದಿ ಹೇಳಿ.
ಮರುದಿನದ ಚಟ್ನಿ ನೊರೆ ಕಕ್ಕಿತೆಂದು
ನನ್ನ ಗಂಡ ಹೇಳಿಕೊಂಡು ತಿರುಗುವುದು ಸುಳ್ಳು.
ರುಚಿ ಸ್ವಲ್ಪ ಹೋಗಿತ್ತು, ಅಷ್ಟೆ.

ಬೆಂಕಿ ಸಣ್ಣಕೆ. ತುರಿ ಕರಗಿತು. ಸೋಡ ಬಿತ್ತು.
ಬಿಳಿಗಾರವನ್ನು ವಾರಿಜಕ್ಕ ತಾನೇ ಹಾಕಿದಳು,
ಲೋಟದಲ್ಲಲ್ಲ, ಬೆರಳಲ್ಲಿ,
ಚಿಟಿಕೆ, ಇನ್ನೊಂದು ಚಿಟಿಕೆ,
ನಾವು ಬೇಗ ಬೇಗ ಎನ್ನಲಿಲ್ಲ.
ತೆಂಗಿನ ಸೌಟು ತಿರುಗಿಸಿ ತಿರುಗಿಸಿ ಭುಜ ಸೋತಿತು.
ಗೋಣಿ ಮುಚ್ಚಿ ಮನೆಗೆ ಹೋದೆವು.

ಬೆಳಿಗ್ಗೆ ನೋಡಿದರೆ ಚರಿಗೆ ತುಂಬ ಗಂಜಿಯ ಕೆನೆ.

ಕೊಡಪಾನದ ನೀರಿಗೆ ಒಂದು ಸೌಟು ಹಾಕಿ ಕದಡಿದೆ.
ನೊರೆ ಬರಲಿಲ್ಲ.
ಮತ್ತೊಂದು ಸೌಟು.
ತಂಗಮಣಿ ಬಗ್ಗಿ ನೋಡಿ 'ನುರ ಇಲ್ಲ' ಎಂದಳು,
ಮರಿಯಂಬಿ 'ಪತ ಎಲ್ಲಿ' ಎಂದಳು,
ಇನ್ನೂರ ಎಂಬತ್ತು ರೂಪಾಯಿ ಹೋಯಿತು ಎಂದೆ ನಾನು.
ಟಿ.ವಿ.ಯಲ್ಲಿ ಒಂದು ಚಮಚಕ್ಕೆ ಬಕೆಟ್ಟು ಉಕ್ಕುತ್ತದೆ,
ಇಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಸುಮ್ಮನೆ ಕೂತಿದೆ.

ವಾರಿಜಕ್ಕ ಚೀಲದಿಂದ ತೆಗೆದಳು ಆ ಅಂಗಿ.
ಕಾಲರಿನ ಒಳಮಡಿಕೆಯಲ್ಲಿ ಕಪ್ಪು ಗೆರೆ,
ಇಡೀ ದಿನ ನಿಂತ ಕತ್ತಿನ ಗೆರೆ.
ಅದ್ದಿಟ್ಟಳು. ಬೀಡಿ ಸೇದುವಷ್ಟು ಹೊತ್ತು.
ಕಲ್ಲಿಗೆ ಬಡಿಯಲಿಲ್ಲ, ಉಜ್ಜಿದ್ದು ಹೆಬ್ಬೆರಳಿನಿಂದ,
ಕರಗಿದ ಚಿನ್ನದ ಅಂಚು ಒರೆಸುವ ಹಾಗೆ
ಅವಳು ಎಷ್ಟು ವರ್ಷ ನೋಡಿದ್ದಳೋ.

ನೀರು ಕೆಸುವಿನ ಬುಡಕ್ಕೆ ಹರಿಯಿತು.
ಅಂಗಿ ಕೊಡವಿದಳು. ಗೆರೆ ಇರಲಿಲ್ಲ.

ಕೊರಪೊಳಜ್ಜಿಯೇ ಮೊದಲು ಬಾಯಿ ಬಿಟ್ಟದ್ದು.
'ನುರೆ ದಾಯೆಗ್? ಕುಂಟು ಬೊಲ್ದಾಂಡತ್ತಾ?'
ನೊರೆ ಯಾಕೆ, ಬಟ್ಟೆ ಬಿಳಿಯಾಯಿತಲ್ಲ.
ಅರುವತ್ತು ವರ್ಷ ಅಂಟುವಾಳ, ಬೂದಿ, ಪರರ ಬಟ್ಟೆ,
ಅವಳಿಗಿಂತ ಹೆಚ್ಚು ನಮಗೆಂತ ಗೊತ್ತು.

ನಲುವತ್ತು ಬಾಟ್ಲಿ ಆಯಿತು, ಮೂವತ್ತೊಂದು ಹೋಯಿತು.
ಲೆಕ್ಕದ ಪುಸ್ತಕದಲ್ಲಿ ಬರೆದೆ:
ಸೋಪು ಇಷ್ಟು, ಸೋಡ ಇಷ್ಟು, ಕಟ್ಟಿಗೆ ಇಷ್ಟು.
ಬಿಳಿಗಾರಕ್ಕೆ ಎಷ್ಟೆಂದು ಕೇಳಿದರೆ
ವಾರಿಜಕ್ಕ ಖಾಲಿ ಡಬ್ಬಿ ಕೊಡವಿ
'ಅದಕ್ಕೆಂತ' ಎಂದಳು.

ತಿಂಗಳ ಕೊನೆಗೆ ಆಫೀಸಿನವರು ಬಂದು
ಆ ಸಾಲಿನ ಮೇಲೆ ಪೆನ್ನು ಊರಿ
ಮಲಯಾಳದಲ್ಲಿ ಏನೋ ಕೇಳಿದರು.
ಪ್ರಶ್ನೆ ನನಗೆ ಅರ್ಥವಾಗಿತ್ತು.
ಗೊತ್ತಿಲ್ಲದವಳ ಹಾಗೆ
ತಂಗಮಣಿಯ ಮುಖ ನೋಡಿದೆ.
ಅವಳೂ ಅರ್ಥವಾಗದ ಹಾಗೆ
ನನ್ನ ಮುಖ ನೋಡಿದಳು.